ಮುಳುಗಿ ಏಳುವ ದಿಬ್ಬ

ಪಫಿನ್ ಎಂಬ ಹಕ್ಕಿಯನ್ನು ನಾನು ಕಣ್ಣಾರೆ ಕಂಡವನಲ್ಲ. ಅಟ್ಲಾಂಟಿಕ್ ಸಾಗರದ ಉತ್ತರ ಭಾಗದಲ್ಲಿ ಬದುಕುವ ಆ ಹಕ್ಕಿಗೂ ಬಾಗಲಕೋಟೆಯ ಬಿಸಿಲಿಗೂ ಯಾವ ನಂಟೂ ಇಲ್ಲ. ಆದರೂ ಅದರ ಛಾಯಾಚಿತ್ರಗಳನ್ನು ನೋಡಿ ಮರುಳಾದವರಲ್ಲಿ ನಾನೂ ಒಬ್ಬ. ಕರಿಯ ಬೆನ್ನು, ಬಿಳಿಯ ಎದೆ, ಜಾತ್ರೆಯ ಗೊಂಬೆಗೆ ಬಳಿದಂತಹ ಬಣ್ಣದ ಕೊಕ್ಕು, ಆ ಕೊಕ್ಕಿನಲ್ಲಿ ಅಡ್ಡಡ್ಡವಾಗಿ ಜೋಡಿಸಿಟ್ಟ ಸಣ್ಣ ಮೀನುಗಳು! ವರ್ಷದ ಬಹುಭಾಗವನ್ನು ಅದು ಕಡಲಿನಲ್ಲಿಯೇ ಕಳೆಯುತ್ತದೆ. ಮರಿ ಮಾಡುವ ಕಾಲಕ್ಕೆ ಮಾತ್ರ ದ್ವೀಪಗಳಿಗೆ ಬರುತ್ತದೆ. ಇಂಗ್ಲೆಂಡಿನ ಫಾರ್ನ್ ದ್ವೀಪಗಳಿಗೂ ವೇಲ್ಸಿನ ಸ್ಕೋಮರ್ ದ್ವೀಪಕ್ಕೂ ಆಗ ದೋಣಿ ದೋಣಿಯಾಗಿ ಛಾಯಾಗ್ರಾಹಕರು ಹೋಗುತ್ತಾರೆ.

ಅಲ್ಲಿ ಇಳಿದವರಿಗೆ ಒಂದು ಕಟ್ಟಳೆಯುಂಟು: ಗೊತ್ತುಪಡಿಸಿದ ಕಾಲುದಾರಿಯನ್ನು ಬಿಟ್ಟು ಅತ್ತಿತ್ತ ಕಾಲಿಡಬಾರದು. ಪಫಿನ್ ನೆಲದೊಳಗೆ ಬಿಲ ತೋಡಿ, ವರ್ಷಕ್ಕೆ ಒಂದೇ ಒಂದು ಮೊಟ್ಟೆಯಿಡುತ್ತದೆ. ಹುಲ್ಲಿನ ಮೇಲೆ ಮೈಮರೆತು ನಡೆದವನ ಕಾಲಡಿಯಲ್ಲಿ ಆ ಬಿಲ ಕುಸಿದರೆ ಒಂದು ಸಂಸಾರದ ವರ್ಷವೇ ಮುಗಿದಂತೆ. ಈ ಸಂಗತಿಯನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಹುಡುಗರಿಗೆ ಪಾಠವನ್ನೂ ಹೇಳಿದ್ದೆ. ಓದಿದ್ದೂ ಹೇಳಿದ್ದೂ ನನಗೆ ಅರ್ಥವಾದದ್ದು ಮಾತ್ರ ನಮ್ಮ ಊರಿನ ನೀರಿನ ಮೇಲೆ, ಬಹಳ ತಡವಾಗಿ.

ನಮಗೆ ಕಡಲಿಲ್ಲ, ಹಿನ್ನೀರು ಉಂಟು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಅಣೆಕಟ್ಟು ಪೂರ್ಣಗೊಂಡದ್ದು 2005ರಲ್ಲಿ. 519.60 ಮೀಟರ್ ಮಟ್ಟಕ್ಕೆ ನೀರು ನಿಂತಾಗ ಕೃಷ್ಣೆಯೂ ಘಟಪ್ರಭೆಯೂ ತಮ್ಮ ಹಳೆಯ ದಂಡೆಗಳನ್ನು ಮರೆತು ಒಂದೇ ಬಯಲಾಗಿ ಹರಡುತ್ತವೆ. ಹಳೆಯ ಬಾಗಲಕೋಟೆಯ ಒಂದು ಭಾಗವೂ ಸುತ್ತಲಿನ ಅನೇಕ ಹಳ್ಳಿಗಳೂ ಮುಳುಗಿದವು. ಮುಳುಗಿದ ಪೇಟೆಯವರಿಗಾಗಿ ನವನಗರ ಎದ್ದಿತು.

ಮನುಷ್ಯರು ಬಿಟ್ಟೆದ್ದ ಆ ನೀರಿಗೆ ಹಕ್ಕಿಗಳು ಬಂದವು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ರಾಜಹಂಸಗಳು ಮೊಣಕಾಲ ನೀರಿನಲ್ಲಿ ಕೊಕ್ಕನ್ನು ತಲೆಕೆಳಗಾಗಿ ಅದ್ದಿ ಮೇಯುತ್ತವೆ. ದೂರಕ್ಕೆ ಬೆಳ್ಳಗೆ ಕಾಣುವ ಅವು ರೆಕ್ಕೆ ಬಿಚ್ಚಿದಾಗ ಇಳಕಲ್ಲ ಸೀರೆಯ ಸೆರಗಿನ ಕೆಂಪು ಥಟ್ಟನೆ ಹೊರಬೀಳುತ್ತದೆ. ಬಾದಾಮಿಯ ಗುಹೆಗಳನ್ನು ನೋಡಲು ಬಂದವರೂ, ಹುನಗುಂದ ಇಳಕಲ್ಲುಗಳ ಕಾಲೇಜು ಹುಡುಗರೂ ಈಗ ಕ್ಯಾಮರಾ ಹಿಡಿದು ದಂಡೆಗೆ ಬರುವುದುಂಟು. ಬೇಸಿಗೆ ಬಂತೆಂದರೆ ಅವರಾರೂ ಇಲ್ಲ. ನನ್ನ ಹಕ್ಕಿಯ ಕಾಲ ಆಗಲೇ ಮೊದಲಾಗುವುದು.

ಅದು ನದೀ ರೀವ. ಕಡಲ ಹಕ್ಕಿಗಳ ಕುಲದಲ್ಲಿ ಹುಟ್ಟಿ ಒಳನಾಡಿನ ಹೊಳೆಗೆ ಒಲಿದು ಬಂದದ್ದು. ಬೂದು ಬೆನ್ನು, ಕಪ್ಪು ಟೊಪ್ಪಿಗೆ, ಹಳದಿ ಕೊಕ್ಕು, ಕೆಂಪು ಕಾಲು, ಉದ್ದವಾಗಿ ಕವಲೊಡೆದ ಬಾಲ. ನೀರಿನ ಮೇಲೆ ತೇಲಾಡುತ್ತ ಬಂದು, ಒಂದು ಕ್ಷಣ ನಿಂತಂತೆ ಮಾಡಿ, ಕಲ್ಲು ಬಿದ್ದಂತೆ ಕೆಳಗೆ ಬಿದ್ದು ಮೀನೆತ್ತುತ್ತದೆ. ಅದಕ್ಕೆ ಮರದ ಗೂಡು ಬೇಡ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದಾಗ, ಬರಿಯ ನೆಲವನ್ನು ಕೊಂಚ ಕೆದರಿ ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಸುತ್ತಲೂ ನೀರಿರುವುದರಿಂದ ನಾಯಿ ನರಿಗಳ ಭಯ ಕಡಿಮೆ. ಮೊಟ್ಟೆಯ ಬಣ್ಣವೋ ಅಲ್ಲಿನ ಹರಳುಗಲ್ಲಿನದೇ. ಅದರ ಭದ್ರತೆಯೆಂದರೆ ಇಷ್ಟೇ.

ಮೂರು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ದಿನ ನಾನು ಹರಿಗೋಲು ಹತ್ತಿದೆ. ಹರಿಗೋಲಿನಲ್ಲಿ ಕುಳಿತು ಚಿತ್ರ ತೆಗೆಯುವುದು ಸುಲಭದ ಮಾತಲ್ಲ. ದುಂಡಗಿನ ಅದು ತಿರುಗುತ್ತಲೇ ಇರುತ್ತದೆ. ಹಕ್ಕಿ ಚೌಕಟ್ಟಿನೊಳಗೆ ಬಂತೆನ್ನುವಷ್ಟರಲ್ಲಿ ದಂಡೆಯ ಜಾಲಿಗಿಡ ಬಂದಿರುತ್ತದೆ. ರೀವದ ಕಣ್ಣು ಕಪ್ಪು ಟೊಪ್ಪಿಗೆಯೊಳಗೇ ಅಡಗಿರುವುದರಿಂದ, ಬೆಳಗಿನ ಓರೆ ಬಿಸಿಲು ಬಿದ್ದರೆ ಮಾತ್ರ ಅದರಲ್ಲೊಂದು ಬೆಳಕಿನ ಚುಕ್ಕೆ ಕಾಣುತ್ತದೆ. ಹೊತ್ತೇರಿದರೆ ತಲೆಯೆಲ್ಲ ಒಂದೇ ಕಪ್ಪು, ಮೈಯೆಲ್ಲ ಒಂದೇ ಬಿಳುಪು. ಅಂದು ನನಗೆ ಹೊತ್ತೇರಿಬಿಟ್ಟಿತು. ಬೆಳಗಿನ ಚಿತ್ರಗಳೊಂದೂ ಮನಸ್ಸಿಗೆ ಬರಲಿಲ್ಲ. ದಿಬ್ಬದ ಬಳಿಗೆ ಬಂದಾಗ, ಕೆಳಗಿಳಿದು ಹತ್ತಿರದಿಂದ ತೆಗೆಯುತ್ತೇನೆಂದು ಅಂಬಿಗನಿಗೆ ಹೇಳಿದೆ.

ಅವನು ಒಂದು ಗಳಿಗೆ ಸುಮ್ಮನಿದ್ದು, “ಲಗೂನ ಬರ್ರಿ ಸರ, ಬಿಸಲ ಭಾಳ ಐತಿ” ಎಂದ.

“ಬಿಸಿಲು ನನಗೇನು ಹೊಸದೇನಪಾ?” ಎಂದು ನಕ್ಕು ನಾನು ಇಳಿದೆ.

ಹಕ್ಕಿಗಳೆರಡೂ ಎದ್ದವು. ನನ್ನ ತಲೆಯ ಮೇಲೆ ಕಿರಿಚುತ್ತ ಸುತ್ತಿದವು, ಮೇಲಿನಿಂದೆರಗಿ ಹೆದರಿಸಿದವು. ಫಾರ್ನ್ ದ್ವೀಪದಲ್ಲಿ ಇವುಗಳ ಬಂಧುಗಳು ಬಂದವರ ತಲೆಯನ್ನು ಕುಕ್ಕುವುದರಿಂದ ಅಲ್ಲಿ ಟೊಪ್ಪಿಗೆ ಹಾಕಿಯೇ ಇಳಿಯುತ್ತಾರೆಂಬುದು ನೆನಪಾಗಿ ನನಗೆ ಸಂತೋಷವೇ ಆಯಿತು. ನೆಲಕ್ಕೆ ಮೊಣಕಾಲೂರಿ ಮೊಟ್ಟೆಗಳ ಚಿತ್ರ ತೆಗೆದೆ; ರೆಕ್ಕೆ ಚಾಚಿ ಎರಗುವ ತಾಯಿಯ ಚಿತ್ರವನ್ನೂ ತೆಗೆದೆ. ಇಪ್ಪತ್ತು ನಿಮಿಷವಾಗಿರಬೇಕು. ಹೊರಡುವಾಗ ನೆಲಕ್ಕೆ ಕೈಯೂರಿದೆ, ಕೈ ಸುಟ್ಟಿತು.

ಹರಿಗೋಲಿಗೆ ಮರಳಿದಾಗ ಅಂಬಿಗ ಮೆಲ್ಲನೆ ಹೇಳಿದ: “ಬಿಸಲು ಅಂದದ್ದು ನಿಮಗಲ್ಲರೀ ಸರ. ತತ್ತಿಗೆ ಅಂದೆ.”

ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕೆ ಎಂದು ನಾವು ಶಾಲೆಯಲ್ಲಿ ಕಲಿಸುತ್ತೇವೆ. ನಮ್ಮ ಬೇಸಿಗೆಯ ನಡುಹಗಲಿನಲ್ಲಿ ರೀವ ಕೂರುವುದು ನೆರಳು ಕೊಡಲಿಕ್ಕೆ. ಆಗಾಗ ನೀರಿಗೆ ಹಾರಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದೂ ಉಂಟು. ಅದನ್ನು ಎಬ್ಬಿಸಿದ ಪ್ರತಿಯೊಂದು ನಿಮಿಷವೂ ಮೊಟ್ಟೆಯೊಳಗಿನ ಜೀವಕ್ಕೆ ಬೆಂಕಿಯ ನಿಮಿಷ.

ಎಂಟು ದಿನಗಳ ಮೇಲೆ ಅದೇ ದಿಬ್ಬದ ಬಳಿಗೆ ಹೋದೆವು. ಹಕ್ಕಿಗಳಿರಲಿಲ್ಲ. ದೂರದಿಂದಲೇ ದುರ್ಬೀನಿನಲ್ಲಿ ನೋಡಿದೆ. ಕೆದರಿದ ತಗ್ಗು ಬರಿದಾಗಿತ್ತು. ಕಾಗೆ ಒಯ್ದಿತೋ, ಬಿಸಿಲಿಗೆ ಕೆಟ್ಟು ಹಕ್ಕಿಗಳೇ ಬಿಟ್ಟು ಹೋದುವೋ! ನಾನೇ ಕಾರಣನೆನ್ನಲು ಪುರಾವೆಯಿಲ್ಲ. ನಾನಲ್ಲವೆನ್ನಲೂ ಇಲ್ಲ.

ಅಂದು ಮರಳುವಾಗ ಅಂಬಿಗ ತಾನಾಗಿ ಮಾತು ತೆಗೆದ. “ಈ ದಿಬ್ಬ ನಮ್ಮೂರಿಂದರೀ ಸರ. ಇದರ ಬುಡಕ ನಮ್ಮಪ್ಪನ ಹೊಲ ಇತ್ತು. ಮಳಿಗಾಲದಾಗ ಮುಳಗತೈತಿ, ಬ್ಯಾಸಿಗ್ಯಾಗ ಏಳತೈತಿ. ಎಬ್ಬಿಸಿದವರಿಗೆ ಏನೂ ಗೊತ್ತಾಗೂದಿಲ್ಲರೀ. ಎದ್ದು ಹೋದವರಿಗೆ ಗೊತ್ತಾಗತೈತಿ.”

ಅವನು ಹಕ್ಕಿಯ ಮಾತನ್ನಾಡಿದನೋ ತನ್ನ ಮನೆಯ ಮಾತನ್ನಾಡಿದನೋ ನಾನು ಕೇಳಲಿಲ್ಲ. ಅಣೆಕಟ್ಟಿನ ನೀರನ್ನು 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆಯಿತ್ತಿದೆ. ಒಣಗಿದ ಹೊಲಗಳಿಗೆ ನೀರು ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಏಳಬೇಕಾದವರ ಲೆಕ್ಕ ಇನ್ನೂ ಮುಗಿದಿಲ್ಲವೆಂಬುದನ್ನು ಅವನ ದನಿಯೇ ಹೇಳುತ್ತಿತ್ತು.

ಆ ಚಿತ್ರವನ್ನು ಕಂಡವರೆಲ್ಲ ಹೊಗಳಿದರು. ಮೈಯೆಲ್ಲ ಕೋಪವಾಗಿ ಎರಗುವ ಆ ಹಕ್ಕಿಯಲ್ಲಿ ಅವರು ಸೌಂದರ್ಯವನ್ನು ಕಂಡರು. ನನಗೆ ಅದು ನನ್ನ ಮೇಲಿನ ದೂರಿನಂತೆ ಕಾಣತೊಡಗಿತು. ಕೊನೆಗೆ ಅದನ್ನು ಗೋಡೆಯಿಂದ ಇಳಿಸಿದೆ.

ನಮ್ಮ ನಾಡಿನಲ್ಲಿ ದೋಣಿಯಿಂದ ಹಕ್ಕಿ ನೋಡುವುದಕ್ಕೆ ಒಳ್ಳೆಯ ಮಾದರಿಗಳಿಲ್ಲದೆ ಇಲ್ಲ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಕೊಕ್ಕರೆಗಳು ಮರದ ಮೇಲೆ ಗೂಡು ಕಟ್ಟುತ್ತವೆ, ನೋಡುವವರು ದೋಣಿಯಲ್ಲಿಯೇ ಉಳಿಯುತ್ತಾರೆ. ಲಕ್ಕವಳ್ಳಿಯ ಬಳಿ ಭದ್ರಾ ಜಲಾಶಯದ ನಡುಗಡ್ಡೆಯಲ್ಲಿ ಇದೇ ನದೀ ರೀವಗಳು ಸಾವಿರ ಸಾವಿರವಾಗಿ ನೆರೆಯುತ್ತವೆ. ಅವುಗಳ ಚಿತ್ರಗಳನ್ನು ದೋಣಿಯಿಂದ ತೆಗೆಯುತ್ತಾರೆ. ಈ ಹಕ್ಕಿ ಇಂದು ಜಗತ್ತಿನ ಅಪಾಯದ ಪಟ್ಟಿಗೆ ಸೇರಿದೆಯೆಂಬುದನ್ನು ನೆನೆದರೆ ಆ ಅಂತರದ ಬೆಲೆ ತಿಳಿದೀತು. ನಮ್ಮ ಹಿನ್ನೀರಿನ ಒಂಟಿ ದಿಬ್ಬಗಳಿಗೆ ಕಾವಲಿಲ್ಲ, ಕಾಲುದಾರಿಯಿಲ್ಲ. ಅಲ್ಲಿ ಕಟ್ಟಳೆಯನ್ನು ಹೋದವನೇ ಹೊತ್ತೊಯ್ಯಬೇಕು.

ಈ ಬೇಸಿಗೆಯಲ್ಲಿ ಮತ್ತೆ ಅದೇ ಅಂಬಿಗನೊಡನೆ ಹೋಗಿದ್ದೆ. ಬೆಳಗಿನ ಏಳು ಗಂಟೆಗೆ ದಿಬ್ಬದಿಂದ ದೂರದಲ್ಲಿ ಅವನು ಹುಟ್ಟನ್ನು ನೆಲಕ್ಕೂರಿ ಹರಿಗೋಲನ್ನು ನಿಲ್ಲಿಸಿದ. ಹಕ್ಕಿ ನಮ್ಮ ಕಡೆಗೆ ಒಮ್ಮೆ ನೋಡಿತು, ಏಳಲಿಲ್ಲ. ಅದರ ಜೊತೆಯದು ನೀರಿಗೆ ತಾಗಿ ಬಂದು, ತೋಯ್ದ ಹೊಟ್ಟೆಯೊಡನೆ ಮೊಟ್ಟೆಗಳ ಮೇಲೆ ಇಳಿಯಿತು. ನಾನು ತೆಗೆದ ಚಿತ್ರದಲ್ಲಿ ಹಕ್ಕಿ ಹೆಬ್ಬೆರಳಿನಷ್ಟು ಸಣ್ಣದು, ಅಷ್ಟೇನೂ ಸ್ಪಷ್ಟವಲ್ಲ; ಸುತ್ತ ಬರಿಯ ನೆಲ ಮತ್ತು ನೀರು. ಅಂಬಿಗನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ, ಹಕ್ಕಿಯನ್ನಲ್ಲ, ದಿಬ್ಬವನ್ನು.

“ಇದರದೊಂದು ಪ್ರತಿ ಮಾಡಿಸಿ ಕೊಡ್ರಿ ಸರ. ನಮ್ಮವ್ವಗ ತೋರಸಬೇಕು” ಎಂದ.

ಮಾಡಿಸಿ ಕೊಟ್ಟಿದ್ದೇನೆ.