ಮೈಯ ತೂಕವೂ ಮುಷ್ಟಿಯ ಬಲವೂ

ಯಾದಗಿರಿಯ ಧಾನ್ಯದ ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತರೆ, ತೊಗರಿಯ ಚೀಲಗಳನ್ನು ಬೆನ್ನಿಗೇರಿಸಿಕೊಂಡು ನಡೆಯುವ ಹಮಾಲರನ್ನು ನಾವು ಕಾಣುತ್ತೇವೆ. ಅವರಲ್ಲಿ ಎಷ್ಟೋ ಮಂದಿಯ ಮೈ ಬಡಕಲು. ಆದರೆ ಚೀಲದ ಮೂಲೆಯನ್ನು ಹಿಡಿದ ಬೆರಳುಗಳು ಮಾತ್ರ ಸುಲಭವಾಗಿ ಸಡಿಲುವುದಿಲ್ಲ. ಅಲ್ಲಿಯೇ ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುವ ದಪ್ಪ ಮೈಯ ಗುಮಾಸ್ತರ ಕೈಯಲ್ಲಿ ಅಷ್ಟು ಬಿಗಿಯುಂಟೆ? ಮೈತೂಕ ಹೆಚ್ಚಿದಷ್ಟೂ ಹಿಡಿತದ ಬಲವೂ ಹೆಚ್ಚುವುದೆಂದು ಹೇಳಬಹುದೆ?

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಹಿಡಿತವನ್ನು ಅಳೆಯಲು ಡೈನಮೋಮೀಟರ್ ಎಂಬ ಬಲಮಾಪಕವಿದೆ. ಕುರ್ಚಿಯಲ್ಲಿ ಕುಳಿತು, ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ, ಅದರ ಹಿಡಿಯನ್ನು ಶಕ್ತಿಮೀರಿ ಅದುಮಿದರೆ ಮುಳ್ಳು ಬಲವನ್ನು ಕಿಲೋಗ್ರಾಂಗಳಲ್ಲಿ ತೋರಿಸುತ್ತದೆ. ನಡುನಡುವೆ ವಿಶ್ರಾಂತಿ ಕೊಟ್ಟು ಮೂರು ಸಲ ಅಳೆಯುವುದು ವಾಡಿಕೆ. ಈ ಬಲದ ಬಹುಪಾಲು ಹುಟ್ಟುವುದು ಅಂಗೈಯಲ್ಲಲ್ಲ, ಮುಂಗೈಯ ಮಾಂಸಖಂಡಗಳಲ್ಲಿ. ಒಂದು ಕೈಯ ಮುಷ್ಟಿಯನ್ನು ಬಿಗಿದು, ಮೊಣಕೈಯ ಕೆಳಗೆ ಇನ್ನೊಂದು ಕೈಯನ್ನಿಟ್ಟು ನೋಡಿದರೆ ಅವು ಗಟ್ಟಿಯಾಗುವುದು ವಾಚಕರಿಗೇ ತಿಳಿಯುವುದು. ಸೂತ್ರದ ಗೊಂಬೆಯ ದಾರಗಳಂತೆ ಸ್ನಾಯುರಜ್ಜುಗಳು ಅಲ್ಲಿಂದ ಮಣಿಕಟ್ಟನ್ನು ದಾಟಿ ಬೆರಳುಗಳನ್ನೆಳೆಯುತ್ತವೆ.

ಆರೋಗ್ಯವಂತ ವಯಸ್ಕರನ್ನು ಅಳೆದಾಗ, ಸಾಮಾನ್ಯವಾಗಿ ತೂಕ ಹೆಚ್ಚಿದ್ದವರ ಹಿಡಿತವೂ ಕೊಂಚ ಹೆಚ್ಚಾಗಿ ಕಂಡುಬರುವುದು ನಿಜ. ದೊಡ್ಡ ಮೈಗೆ ದೊಡ್ಡ ಮೂಳೆ, ದೊಡ್ಡ ಮಾಂಸಖಂಡ ಇರುವುದಷ್ಟೆ. ಆದರೆ ಎರಡೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಇದರ ಕಾರಣದ ಎಳೆಯನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿಯೇ ತೋರಿಸಿದ್ದನು. ಮಾಂಸಖಂಡದ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸುತ್ತದೆ. ತೂಕವಾದರೋ ಮೈಯ ಘನಗಾತ್ರವನ್ನು ಅನುಸರಿಸುತ್ತದೆ. ಒಂದೇ ಮೈಕಟ್ಟಿನ ಇಬ್ಬರಲ್ಲಿ ಒಬ್ಬನು 50 ಕಿಲೋ, ಇನ್ನೊಬ್ಬನು 60 ಕಿಲೋ ಇದ್ದಾರೆನ್ನೋಣ. ಎರಡನೆಯವನ ತೂಕ ನೂರಕ್ಕೆ 20ರಷ್ಟು ಹೆಚ್ಚು; ಈ ಲೆಕ್ಕದಂತೆ ಅವನ ಬಲ ನೂರಕ್ಕೆ ಸುಮಾರು 13ರಷ್ಟು ಮಾತ್ರ ಹೆಚ್ಚು.

ಇದೂ ಒಂದೇ ಮೈಕಟ್ಟಿದ್ದಾಗಿನ ಮಾತು. ಏರಿದ ತೂಕ ಕೇವಲ ಕೊಬ್ಬಾಗಿದ್ದರೆ, ಕೊಬ್ಬು ಬೆರಳನ್ನು ಎಳೆಯಲಾರದು. ವಯಸ್ಸು, ಲಿಂಗ, ಎತ್ತರ, ದುಡಿಮೆ ಇವೂ ಫಲವನ್ನು ಬದಲಿಸುತ್ತವೆ. ಶಹಾಪುರ, ಸುರಪುರಗಳ ಕಡೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಕೈಯ ಕಸುವನ್ನು ಅವರ ತೂಕದಿಂದ ಅಳೆಯಹೊರಟರೆ ನಾವು ಮೋಸಹೋಗುವೆವು. ಬೇವಿನ ಕೊಂಬೆಗೆ ಜೋತುಬೀಳುವ ಹುಡುಗರ ಆಟವೂ ಇದನ್ನೇ ಹೇಳುತ್ತದೆ: ಬಲಮಾಪಕದಲ್ಲಿ ಹೆಚ್ಚು ತೋರಿಸಿದ ಸ್ಥೂಲಕಾಯದವನು ಮೊದಲು ಕೈಬಿಡಬಹುದು. ಅಲ್ಲಿ ಅವನ ಬಲವು ಅವನದೇ ತೂಕವನ್ನು ಹೊರಬೇಕಾಗಿದೆ.

ಮುಷ್ಟಿಯ ಬಲ ಕೇವಲ ಪಂದ್ಯದ ವಿಷಯವಲ್ಲ. ಭಾರತವೂ ಸೇರಿದ 17 ದೇಶಗಳ ಸುಮಾರು 1,40,000 ಜನರನ್ನು ಅಳೆದು ವರ್ಷಗಟ್ಟಲೆ ಗಮನಿಸಿದ ಸಂಶೋಧನೆಯೊಂದು 2015ರಲ್ಲಿ ಪ್ರಕಟವಾಯಿತು. ಹಿಡಿತವು 5 ಕಿಲೋ ಕಡಿಮೆಯಾದಷ್ಟಕ್ಕೂ ಸಾವಿನ ಸಂಭವ ನೂರಕ್ಕೆ 16ರಷ್ಟು ಹೆಚ್ಚಿರುವುದು ಅದರಲ್ಲಿ ಕಂಡುಬಂತು. ಹಾಗೆಂದು ರಬ್ಬರಿನ ಚೆಂಡನ್ನು ಹಿಸುಕಿ ಆಯುಸ್ಸನ್ನು ಬೆಳೆಸಬಹುದೆಂದು ತಿಳಿಯಬಾರದು. ಹಿಡಿತವು ದೇಹಸ್ಥಿತಿಯ ಸೂಚಕ. ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಇಳಿಯುವುದಿಲ್ಲ.

ಈ ಬಲದ ಅಡಿಗಲ್ಲು ಬೀಳುವುದು ಬಹು ಮುಂಚೆ. ಮಾಂಸಖಂಡದ ತಂತುಗಳ ಸಂಖ್ಯೆ ಹೆಚ್ಚುಕಡಿಮೆ ಹುಟ್ಟುವ ವೇಳೆಗೇ ಗೊತ್ತಾಗಿಬಿಡುತ್ತದೆ. ಆಮೇಲೆ ಅವು ದಪ್ಪವಾಗಬಲ್ಲುವು. ಹುಟ್ಟಿನಲ್ಲಿ ಹೆಚ್ಚು ತೂಗಿದ ಮಕ್ಕಳ ಹಿಡಿತವು ಒಂಬತ್ತನೆಯ ವಯಸ್ಸಿನಲ್ಲಿಯೂ ಹೆಚ್ಚಿದ್ದುದನ್ನು ಮೈಸೂರಿನಲ್ಲಿ ನಡೆದ ಅಧ್ಯಯನವೊಂದು 2010ರಲ್ಲಿ ತೋರಿಸಿಕೊಟ್ಟಿತು. ಯಾದಗಿರಿ ಜಿಲ್ಲೆಯ ಚಿಂತೆ ಇಲ್ಲಿಯೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಈ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ನಾಳೆ ಹತ್ತಿ ಬಿಡಿಸಬೇಕಾದ, ಚೀಲ ಎತ್ತಬೇಕಾದ, ಲೇಖನಿ ಹಿಡಿಯಬೇಕಾದ ಕೈಗಳು ಇವೇ ಅಲ್ಲವೆ?

ಉಪಾಯವಿಲ್ಲವೆಂದಲ್ಲ. 2021ರ ಡಿಸೆಂಬರಿನಲ್ಲಿ ಯಾದಗಿರಿಯೂ ಸೇರಿದಂತೆ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆಯನ್ನೂ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲು ಮೊದಲಾಯಿತು. ಆಗ ಮೊಟ್ಟೆ ಕೊಡದಿದ್ದ ಗದಗ ಜಿಲ್ಲೆಯ ಮಕ್ಕಳೊಡನೆ ಹೋಲಿಸಿದಾಗ, ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡುಬಂತು. ಸಂತೋಷದ ಸುದ್ದಿಯೇ ಸರಿ. ಆದರೆ ಏರಿದ ತೂಕದಲ್ಲಿ ಮಾಂಸಖಂಡವೆಷ್ಟು, ಕೊಬ್ಬೆಷ್ಟು ಎಂಬುದನ್ನು ತಕ್ಕಡಿಯೊಂದೇ ಹೇಳಲಾರದು. ಶಾಲೆಯ ತಕ್ಕಡಿಯ ಪಕ್ಕದಲ್ಲಿ ಒಂದು ಬಲಮಾಪಕವನ್ನೂ ಇಟ್ಟು, ವರ್ಷಕ್ಕೊಮ್ಮೆ ಮಕ್ಕಳ ಮುಷ್ಟಿಯನ್ನು ಅಳೆದು ಬರೆದಿಡುವುದಾದರೆ, ಉಂಡ ಅನ್ನ ಬಲವಾಗುತ್ತಿದೆಯೆ ಎಂಬುದು ನಮಗೆ ಇನ್ನಷ್ಟು ಸ್ಪಷ್ಟವಾಗಿ ತಿಳಿದೀತು.