ಲಿಂಗಾಂಬುಧಿಗೆ ಇಳಿಯುವ ಮೋರಿಯ ಜಾಡು

ಮೈಸೂರಿನ ರಾಮಕೃಷ್ಣನಗರದ ಆಂದೋಲನ ವೃತ್ತದಿಂದ ಲಿಂಗಾಂಬುಧಿ ಕೆರೆಯತ್ತ ಹೊರಟವರು ಒಮ್ಮೆ ರಸ್ತೆ ಬಿಟ್ಟು ಮೋರಿಯ ಜಾಡು ಹಿಡಿದು ನಡೆಯಬೇಕು. ಅಂಗಳ ತೊಳೆದ ನೀರು, ಕಾರು ತೊಳೆದ ಸೋಪಿನ ನೊರೆ, ಪಾತ್ರೆಯ ಜಿಡ್ಡು ಎಲ್ಲವೂ ಇಳಿಜಾರು ಹುಡುಕಿಕೊಂಡು ಹೊರಟಿರುತ್ತವೆ. ಕಾಂಪೌಂಡಿನೊಳಗೆ ಸಿಮೆಂಟು, ಹೊರಗೆ ಟೈಲ್ಸು, ಅದರಾಚೆ ಡಾಂಬರು. ಮಳೆಗೆ ಇಂಗಲು ಮಣ್ಣೇ ಸಿಗುವುದಿಲ್ಲ. ಹೊಲಗಳಿದ್ದಾಗ ನೆಲ ಕುಡಿದು ಮಿಕ್ಕ ನೀರು ಹುಲ್ಲು, ಪೊದೆಗಳ ನಡುವೆ ಸೋಸಿಕೊಂಡು ಕೆರೆ ಸೇರುತ್ತಿತ್ತು. ಈಗ ಬೇಸಿಗೆಯಿಡೀ ಬೀದಿಯಲ್ಲಿ ಕೂತ ಎಣ್ಣೆ, ಟೈರಿನ ಪುಡಿ, ಕಸವನ್ನೆಲ್ಲ ಮೊದಲ ಜೋರುಮಳೆ ಒಂದೇ ಏಟಿಗೆ ಕೆಳಕ್ಕೆ ತಳ್ಳುತ್ತದೆ.

ಮಳೆನೀರಿಗೆ ಮೋರಿ, ಮನೆಯ ಕೊಳಚೆಗೆ ಯುಜಿಡಿ, ಅಂದರೆ ಒಳಚರಂಡಿ. ನಕ್ಷೆಯಲ್ಲಿ ಇವೆರಡೂ ಬೇರೆ ಬೇರೆ ದಾರಿ. ಮೊದಲನೆಯದು ಕೆರೆಗೆ, ಇನ್ನೊಂದು ಶುದ್ಧೀಕರಣ ಘಟಕಕ್ಕೆ. ಆದರೆ ಒಂದು ಸಂಸಾರವಿದ್ದ ಸೈಟಿನಲ್ಲಿ ಮೂರಂತಸ್ತು ಎದ್ದು ನಾಲ್ಕು ಸಂಸಾರ ಸೇರಿದರೂ ಬೀದಿಯ ಪೈಪು ಹಳೆಯದೇ. ಸಾಲದ್ದಕ್ಕೆ ತಾರಸಿಯ ನೀರನ್ನೂ ಅದಕ್ಕೇ ಬಿಡುವವರಿದ್ದಾರೆ. ಮ್ಯಾನ್‌ಹೋಲ್ ಉಕ್ಕುತ್ತದೆ. ಉಕ್ಕಿದ್ದು ಮೋರಿಗೆ, ಅಲ್ಲಿಂದ ಕೆರೆಗೆ.

ಈ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ್ದು. ಇನ್ನೂರು ಎಕರೆ ಮೀರಿದ ಹರವು. ಏರಿಯ ಮೇಲೆ ನಿಂತರೆ ಹೆಜ್ಜಾರ್ಲೆ, ನೀರುಕಾಗೆಗಳು ಈಗಲೂ ಕಾಣುತ್ತವೆ. ಊರಿನ ಇಷ್ಟು ಸಮೀಪ ಇಂಥ ಜಾಗ ಉಳಿದಿರುವುದೇ ನಮ್ಮ ಭಾಗ್ಯ.

ಹಕ್ಕಿಗಳಿವೆ ಎಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಎಂದಲ್ಲ. ಕೊಳಚೆಯಲ್ಲಿ ಬರುವ ಸಾರಜನಕ, ರಂಜಕಗಳನ್ನು ತಿಂದು ಪಾಚಿ ಕೊಬ್ಬುತ್ತದೆ. ಹಗಲು ಬಿಸಿಲಿನಲ್ಲಿ ಅದು ಆಮ್ಲಜನಕ ಬಿಡುತ್ತದೆ, ರಾತ್ರಿ ಅದನ್ನೇ ಎಳೆದುಕೊಳ್ಳುತ್ತದೆ. ಕೊಳಚೆ ಕೊಳೆಯಿಸುವ ಬ್ಯಾಕ್ಟೀರಿಯಾಗಳಿಗೂ ಅದೇ ಬೇಕು. ಮೀನುಗಾರಿಕೆಗೆ ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಆಮ್ಲಜನಕ ತೀರಾ ಕುಸಿಯುವುದು ನಸುಕಿನಲ್ಲಿ. ಕೆರೆಗಳಲ್ಲಿ ಸತ್ತ ಮೀನು ಬೆಳಗಾಗುವಷ್ಟರಲ್ಲಿ ತೇಲುವುದು ಇದಕ್ಕೇ.

ಕೆರೆ ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ, ಸುತ್ತ ಬೇಲಿಯಿದೆ. ಬೇಲಿ ದನ ತಡೆದೀತು, ಒತ್ತುವರಿ ತಡೆದೀತು. ಕೊಳಚೆ ಬರುವುದು ಅದರ ಕೆಳಗಿಂದ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಮೇಲಿನ ಬೀದಿಗಳಲ್ಲಿ. ಮುಂಗಾರಿಗೆ ಮೊದಲೇ ಮ್ಯಾನ್‌ಹೋಲ್‌ಗಳ ಹೂಳು ತೆಗೆಯಬೇಕು, ಸಣ್ಣ ಪೈಪುಗಳನ್ನು ಬದಲಿಸಬೇಕು, ತಾರಸಿಯ ನೀರನ್ನು ಯುಜಿಡಿಯಿಂದ ಬಿಡಿಸಿ ಇಂಗುಗುಂಡಿಗೆ ತಿರುಗಿಸಬೇಕು. ಈ ಕೊನೆಯದನ್ನು ಪ್ರತಿ ಮನೆಯವರೂ ಈ ಬೇಸಿಗೆಯಲ್ಲೇ ಮಾಡಿಸಬಹುದು.