ಕೈಯ ಸಾಕ್ಷ್ಯ, ವಸ್ತುವಿನ ಗುಣ

ಮಕ್ಕಳಿಗೆ ವಸ್ತುಗಳ ಗುಣಧರ್ಮವನ್ನು ತಿಳಿಸಬೇಕಾದರೆ ಪುಸ್ತಕವನ್ನು ಮಡಿಚಿಟ್ಟು ವಸ್ತುಗಳನ್ನೇ ಅವರ ಕೈಗೆ ಕೊಡಬೇಕೆಂಬ ಮಾತು ಈಗ ಶಿಕ್ಷಣದ ವಿಷಯ ಬಲ್ಲವರೆಲ್ಲರ ಬಾಯಲ್ಲೂ ಕೇಳಿಬರುತ್ತಿದ್ದು, ಅದನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇದ್ದಂತಿಲ್ಲ. ಅಲ್ಲಗಳೆಯಬೇಕಾದ ಅಗತ್ಯವೂ ಇಲ್ಲ. ಆದರೆ ಈ ಮಾತಿನ ಆಶ್ರಯದಲ್ಲಿ ಇನ್ನೊಂದು ನಂಬಿಕೆ ಸದ್ದಿಲ್ಲದೆ ಬೆಳೆದುಕೊಂಡಿದೆ: ಮುಟ್ಟಿ ನೋಡಿದ ಮಾತ್ರಕ್ಕೆ ಮಗುವಿಗೆ ಸತ್ಯ ತಿಳಿದುಬಿಡುತ್ತದೆ ಎಂಬುದು. ವಸ್ತುಗಳನ್ನು ಕುರಿತು ನಮ್ಮಲ್ಲಿ ಬೇರೂರಿರುವ ತಪ್ಪು ಕಲ್ಪನೆಗಳ ಮೂಲವನ್ನು ಹುಡುಕಹೊರಟರೆ, ಅವುಗಳಲ್ಲಿ ಬಹುಪಾಲು ದಿನವೂ ಮುಟ್ಟಿ, ಎತ್ತಿ, ನೀರಿಗೆ ಹಾಕಿ ಪಡೆದ ಅನುಭವದಿಂದಲೇ ಹುಟ್ಟಿದವೆಂಬುದು ತಿಳಿಯುತ್ತದೆ. ಕೈ ಸುಳ್ಳು ಹೇಳುವುದಿಲ್ಲವೆಂಬುದು ದಿಟವಾದರೂ, ಯಾವ ಪ್ರಶ್ನೆಗೆ ಅದು ಉತ್ತರ ಹೇಳುತ್ತಿದೆಯೆಂಬುದನ್ನು ನಾವು ವಿಚಾರಿಸುವುದಿಲ್ಲ.

ಲೋಹ ಸ್ವಭಾವತಃ ತಣ್ಣಗಿನ ಪದಾರ್ಥ, ಮರ ಬೆಚ್ಚಗಿನದು ಎಂಬ ನಂಬಿಕೆಯನ್ನೇ ತೆಗೆದುಕೊಳ್ಳೋಣ. ಮಾಗಿಯ ಬೆಳಗಿನಲ್ಲಿ ತರಗತಿಯ ಬೆಂಚಿನ ಹಲಗೆಯ ಮೇಲೆ ಒಂದು ಕೈಯನ್ನೂ ಅದರ ಕಬ್ಬಿಣದ ಕಾಲಿನ ಮೇಲೆ ಇನ್ನೊಂದು ಕೈಯನ್ನೂ ಇಟ್ಟುನೋಡಿದ ಯಾವ ಹುಡುಗನಾದರೂ ಇದಕ್ಕೆ ಸಾಕ್ಷಿ ನುಡಿದಾನು. ಆದರೆ ಇರುಳೆಲ್ಲ ಒಂದೇ ಕೋಣೆಯಲ್ಲಿದ್ದ ಆ ಹಲಗೆಗೂ ಕಾಲಿಗೂ ಉಷ್ಣಮಾಪಕವನ್ನು ತಾಗಿಸಿ ಸ್ವಲ್ಪ ಹೊತ್ತು ತಾಳ್ಮೆಯಿಂದ ಕಾದರೆ ಎರಡು ಕಡೆಯೂ ಅದು ಒಂದೇ ಅಂಕಿಯನ್ನು ತೋರಿಸುತ್ತದೆ. ಚರ್ಮಕ್ಕೆ ಅರಿವಾಗುವುದು ತನ್ನೊಳಗಿನ ಶಾಖ ಎಷ್ಟು ವೇಗವಾಗಿ ಹೊರಗೆ ಹರಿದುಹೋಗುತ್ತಿದೆಯೆಂಬುದು; ಲೋಹ ಆ ಶಾಖವನ್ನು ಸೆಳೆದು ದೂರ ಸಾಗಿಸುತ್ತದೆ, ಮರ ಸಾಗಿಸಲಾರದೆ ನಿಲ್ಲುತ್ತದೆ. ಶಾಖವಾಹಕತೆಯಲ್ಲಿ ಅಲ್ಯೂಮಿನಿಯಮ್ಮು ಮರಕ್ಕಿಂತ ಸಾವಿರ ಪಟ್ಟಿಗೂ ಮಿಗಿಲು. ಕಲಬುರಗಿಯ ಬೇಸಿಗೆಯಲ್ಲಿ ನೆರಳಿನ ಗಾಳಿಯೇ 42 ಡಿಗ್ರಿಗೆ ಏರಿದಾಗ ಇದೇ ಕಬ್ಬಿಣದ ಕಾಲು ಹಲಗೆಗಿಂತ ಬಿಸಿಯಾಗಿ ತೋರುವುದನ್ನು ಅಲ್ಲಿಯ ಮಕ್ಕಳು ಬಲ್ಲರು. ಆಗ ಶಾಖದ ಹರಿವು ಕಬ್ಬಿಣದಿಂದ ಕೈಗೆ. ಸ್ವಭಾವತಃ ತಣ್ಣಗಿನ ಪದಾರ್ಥವಾಗಿದ್ದರೆ ಋತು ಬದಲಾದೊಡನೆ ಸ್ವಭಾವವೂ ಬದಲಾಗಬಾರದಿತ್ತು.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಎರಡು ಮಂಜುಗಡ್ಡೆಯ ತುಂಡುಗಳಿಗೆ ಬಿಟ್ಟುಕೊಡುವುದು ಲೇಸು. ಒಂದನ್ನು ಮರದ ಮಣೆಯ ಮೇಲೆ, ಅಷ್ಟೇ ಗಾತ್ರದ ಇನ್ನೊಂದನ್ನು ಬೋರಲು ಹಾಕಿದ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆಯ ಮೇಲೆ ಇಡುವ ಮುನ್ನ, ಯಾವುದು ಮೊದಲು ಕರಗೀತೆಂದು ಕೇಳಿ ಪ್ರತಿಯೊಬ್ಬರ ಉತ್ತರವನ್ನೂ ಬರೆಸಿಕೊಳ್ಳಬೇಕು. ಮರ ಬೆಚ್ಚಗಿದೆಯಾದ್ದರಿಂದ ಅದರ ಮೇಲಿನದೇ ಎಂದು ಬಹುಮಂದಿ ಬರೆಯುತ್ತಾರೆ. ಮಣೆಯ ಮೇಲಿನ ತುಂಡು ಮೂಲೆ ಸವೆಯುವಷ್ಟರಲ್ಲಿ ಪಾತ್ರೆಯ ಮೇಲಿನದು ತನ್ನದೇ ನೀರಿನ ಮೇಲೆ ಜಾರತೊಡಗಿ ಕಣ್ಣೆದುರೇ ಕುಗ್ಗುತ್ತ ಹೋಗುತ್ತದೆ. ಪಾತ್ರೆಯ ಬದಲು ತೆಳ್ಳನೆಯ ತಟ್ಟೆಯನ್ನು ಬಳಸಿದರೆ ಅದು ತಾನೇ ಬೇಗ ತಣಿದುಹೋಗಿ ವ್ಯತ್ಯಾಸ ಅಷ್ಟು ಎದ್ದುಕಾಣದು.

ಕಂಬಳಿ ಶಾಖ ಕೊಡುತ್ತದೆಂಬ ಕಲ್ಪನೆಯೂ ಇದರ ಒಡಹುಟ್ಟೇ. ಮಂಜುಗಡ್ಡೆಯನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಬೇಗ ಕರಗುವುದೆಂದು ಮಕ್ಕಳಿರಲಿ, ಹಿರಿಯರೂ ಒಮ್ಮೊಮ್ಮೆ ಹೇಳುವುದುಂಟು. ಸುತ್ತಿಟ್ಟದ್ದೇ ಹೆಚ್ಚು ಹೊತ್ತು ಉಳಿಯುತ್ತದೆ. ಕಂಬಳಿಗೆ ತನ್ನದೆಂಬ ಶಾಖವಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಒಳಗಿನಿಂದ ಹೊರಕ್ಕಾಗಲಿ ಹೊರಗಿನಿಂದ ಒಳಕ್ಕಾಗಲಿ ಸುಲಭವಾಗಿ ಬಿಡಲೊಲ್ಲದು, ಅಷ್ಟೆ. ಈ ತತ್ತ್ವವನ್ನೇ ನಂಬಿ ಅಮೆರಿಕದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಹುಲ್ಲು, ಮರದ ಹೊಟ್ಟುಗಳ ನಡುವೆ ಮಂಜುಗಡ್ಡೆಯನ್ನು ತುಂಬಿ ಸಮುದ್ರದಾಚೆಗೆ ಮಾರುತ್ತಿದ್ದನು. 1833ರಲ್ಲಿ ಬಾಸ್ಟನ್ನಿನಿಂದ ಸುಮಾರು 180 ಟನ್ನು ಹೊತ್ತು ಹೊರಟ ಅವನ ಹಡಗು ನಾಲ್ಕು ತಿಂಗಳು ಉಷ್ಣವಲಯದ ಕಡಲನ್ನು ದಾಟಿ ಕಲ್ಕತ್ತೆಗೆ ಬಂದಾಗ ಅದರಲ್ಲಿ ಸುಮಾರು 100 ಟನ್ನು ಇನ್ನೂ ಗಡ್ಡೆಯಾಗಿಯೇ ಇತ್ತು. ಅದೇ ವ್ಯಾಪಾರಕ್ಕಾಗಿ 1842ರಲ್ಲಿ ಮದರಾಸಿನ ಕಡಲತೀರದಲ್ಲಿ ಕಟ್ಟಿದ ಮಂಜಿನ ಮನೆಯೇ ಮುಂದೆ ಸ್ವಾಮಿ ವಿವೇಕಾನಂದರು 1897ರಲ್ಲಿ ತಂಗಿದ್ದ ಮನೆಯಾಗಿ ಪ್ರಸಿದ್ಧವಾಯಿತು.

ಭಾರವಾದುದು ಮುಳುಗುತ್ತದೆ, ಹಗುರವಾದುದು ತೇಲುತ್ತದೆ ಎಂಬುದು ಎಲ್ಲಕ್ಕಿಂತ ಹಟಮಾರಿ ನಂಬಿಕೆ. ಶಾಲೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಚಟುವಟಿಕೆ ಇದನ್ನು ಕದಲಿಸುವ ಬದಲು ಇನ್ನಷ್ಟು ಗಟ್ಟಿ ಮಾಡುತ್ತದೆಯೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಕಲ್ಲು, ಮೊಳೆ, ಬೀಗದಕೈಗಳನ್ನು ಒಂದು ಕಡೆ, ಎಲೆ, ಗರಿ, ಬೆಂಡುಗಳನ್ನು ಇನ್ನೊಂದು ಕಡೆ ಆಯ್ದು ಕೊಟ್ಟರೆ ಮಗು ಮನೆಯಿಂದ ತಂದ ನಂಬಿಕೆಯನ್ನೇ ಪರೀಕ್ಷೆಯಲ್ಲಿ ತೇರ್ಗಡೆ ಮಾಡಿಸಿಕೊಂಡು ಹಿಂದಿರುಗುತ್ತದೆ. ಬೇಕಾದುದು ನಿಯಮವನ್ನು ಮುರಿಯುವ ವಸ್ತುಗಳು. ಸಿಪ್ಪೆ ಸುಲಿಯದ ತೆಂಗಿನಕಾಯಿಯನ್ನು ತೊಟ್ಟಿಯಲ್ಲಿ ಬಿಟ್ಟು ಪಕ್ಕದಲ್ಲೇ ಒಂದು ಗುಂಡುಸೂಜಿಯನ್ನು ತುದಿ ಕೆಳಗಾಗಿ ಹಾಕಿರಿ. ಕಿತ್ತಳೆಯನ್ನು ಸಿಪ್ಪೆಸಹಿತ ಬಿಟ್ಟು, ತೇಲಿದ ಮೇಲೆ ಅದನ್ನೇ ಸುಲಿದು ಮತ್ತೆ ಬಿಡಿರಿ: ಸಿಪ್ಪೆಯನ್ನು ಕಳೆದುಕೊಂಡು ಹಗುರವಾದ ಹಣ್ಣು ತಳ ಸೇರುತ್ತದೆ. ಸಿಪ್ಪೆಯ ಒಳಗಿನ ಬಿಳಿಯ ಪದರದಲ್ಲಿ ತುಂಬಿದ್ದ ಗಾಳಿ ತೂಕವನ್ನು ಅಲ್ಪವಾಗಿಯೂ ಗಾತ್ರವನ್ನು ಬಹಳವಾಗಿಯೂ ಹೆಚ್ಚಿಸಿದ್ದಿತು. ತೂಕವನ್ನು ಮಾತ್ರ ನೋಡದೆ, ಅದು ಎಷ್ಟು ಗಾತ್ರದಲ್ಲಿ ಹರಡಿಕೊಂಡಿದೆಯೆಂಬುದನ್ನೂ ನೋಡಬೇಕೆಂಬ ಸಾಂದ್ರತೆಯ ಕಲ್ಪನೆಗೆ ಇದಕ್ಕಿಂತ ಅಗ್ಗದ ಬಾಗಿಲು ನನಗೆ ತಿಳಿಯದು.

ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಿಂದ ದೋಣಿ ಮಾಡಿ ತೇಲಿಸುವುದು, ಅದೇ ಹಾಳೆಯನ್ನು ಉಂಡೆ ಮಾಡಿ ಮುಳುಗಿಸುವುದು ಇನ್ನೊಂದು ಪ್ರಯೋಗ. ಪುಸ್ತಕಗಳಲ್ಲಿ ಉಂಡೆ ಮುಳುಗಿಯೇ ಮುಳುಗುತ್ತದೆ. ತರಗತಿಯಲ್ಲಿ ಅನೇಕ ವೇಳೆ ಮುಳುಗುವುದಿಲ್ಲ. ಕೈಯಲ್ಲಿ ಮುದುರಿದ ಉಂಡೆಯ ಸುಕ್ಕುಗಳೊಳಗೆ ಗಾಳಿ ಉಳಿದಿರುತ್ತದೆ. ಉಪಾಧ್ಯಾಯರು ಗಾಬರಿಗೊಂಡು ಉಂಡೆಯನ್ನು ಬೆರಳಿನಿಂದ ನೀರಿಗೆ ಒತ್ತಿಹಿಡಿಯುವ ಬದಲು, ಹಾಳೆಯನ್ನು ಮಡಿಸಿ ಮಡಿಸಿ ಕಲ್ಲಿನಿಂದ ಜಜ್ಜಿ ಗಾಳಿಯನ್ನು ಹೊರಡಿಸಿ ತೋರಿಸಿದರೆ, ತಪ್ಪಿಹೋದಂತೆ ಕಂಡ ಪ್ರಯೋಗವೇ ಎರಡನೆಯ ಪಾಠವಾಗುತ್ತದೆ.

ತೇಲುವುದು ವಸ್ತುವೊಂದರದೇ ಗುಣವೂ ಅಲ್ಲ, ದ್ರವಕ್ಕೂ ಅದರಲ್ಲಿ ಪಾಲುಂಟು. ಇದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾದುದಿಲ್ಲ. ಬಿತ್ತನೆಯ ಭತ್ತವನ್ನು ಆಯುವಾಗ ಕೋಳಿಮೊಟ್ಟೆ ಮೇಲಕ್ಕೆ ತೇಲಿಬರುವವರೆಗೆ ನೀರಿಗೆ ಉಪ್ಪು ಬೆರೆಸಿ, ಆ ನೀರಿನಲ್ಲಿ ಭತ್ತವನ್ನು ಸುರಿದು, ತೇಲಿದ ಜೊಳ್ಳನ್ನೂ ಅರೆಗಾಳನ್ನೂ ತೆಗೆದುಹಾಕಿ, ತಳದಲ್ಲಿ ನಿಂತ ಗಟ್ಟಿ ಕಾಳನ್ನು ಸಿಹಿನೀರಿನಲ್ಲಿ ತೊಳೆದು ಬಿತ್ತುವ ಪದ್ಧತಿ ಇದೆ. ಬರಿಯ ನೀರಿನಲ್ಲಿ ಮುಳುಗಿ ತಪ್ಪಿಸಿಕೊಳ್ಳುತ್ತಿದ್ದ ಅರೆಗಾಳು ಉಪ್ಪುನೀರಿನಲ್ಲಿ ಸಿಕ್ಕಿಬೀಳುತ್ತದೆ. ಮೊಟ್ಟೆ ಮತ್ತು ಉಪ್ಪಿನ ಪ್ರಯೋಗವನ್ನು ಚಮತ್ಕಾರದಂತೆ ತೋರಿಸುವ ಶಾಲೆಗಳು ಒಂದು ಹಿಡಿ ಭತ್ತವನ್ನೂ ಜೊತೆಗಿಟ್ಟುಕೊಂಡರೆ ಚೆನ್ನು.

ಲೋಹಗಳೆಲ್ಲ ಅಯಸ್ಕಾಂತಕ್ಕೆ ಅಂಟುತ್ತವೆಂಬ ಭ್ರಮೆಯನ್ನು ಹೋಗಲಾಡಿಸುವುದು ಇಷ್ಟು ಕಷ್ಟವಲ್ಲ. ತಾಮ್ರದ ಚೊಂಬು, ಹಿತ್ತಾಳೆಯ ಗಂಟೆ, ಅಲ್ಯೂಮಿನಿಯಂ ಪಾತ್ರೆ ಯಾವುದೂ ಅದಕ್ಕೆ ಓಗೊಡುವುದಿಲ್ಲ. ಸಾಮಾನ್ಯ ಲೋಹಗಳಲ್ಲಿ ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಈ ಮೂರಕ್ಕೆ ಮಾತ್ರ ಆ ಸೆಳೆತ. ಸ್ಟೀಲು ಪಾತ್ರೆಗಳಲ್ಲಿ ಕೆಲವು ಅಂಟುತ್ತವೆ, ಕೆಲವು ಅಂಟುವುದಿಲ್ಲವೆಂಬುದನ್ನು ಗುಜರಿಯವನು ಬಲ್ಲನು. ತುಕ್ಕುಹಿಡಿಯದ ಉಕ್ಕಿನ ಒಂದು ರೂಪಾಯಿ ನಾಣ್ಯ ಅಂಟುತ್ತದೆ, ಹಳೆಯ ಕಾಲದ ತಾಮ್ರ–ನಿಕ್ಕಲ್ ನಾಣ್ಯ ತನ್ನಲ್ಲಿ ನಾಲ್ಕನೆಯ ಒಂದು ಪಾಲು ನಿಕ್ಕಲ್ ಇದ್ದರೂ ಅಂಟದು. ಬೆರಕೆಯಾದಾಗ ಲೋಹದ ಗುಣವೇ ಬೇರೆಯಾಗಬಹುದೆಂಬುದಕ್ಕೆ ಅಜ್ಜನ ಪೆಟ್ಟಿಗೆಯಿಂದ ತೆಗೆದ ಆ ನಾಣ್ಯವೇ ಸಾಕು.

ಗಾಳಿಗೆ ತೂಕವಿಲ್ಲವೆಂಬ ಕಲ್ಪನೆಯ ವಿಷಯದಲ್ಲಿ ಮಾತ್ರ ಪ್ರಯೋಗವೇ ಎಡವುತ್ತದೆ. ಕಡ್ಡಿಯ ಎರಡು ತುದಿಗೆ ಎರಡು ಬಲೂನು ಕಟ್ಟಿ ಒಂದನ್ನು ಊದಿ ತೋರಿಸುವುದು ವಾಡಿಕೆ. ಸುತ್ತಲ ಗಾಳಿ ಊದಿದ ಬಲೂನನ್ನು ಮೇಲಕ್ಕೆ ಎತ್ತಿಹಿಡಿಯುವುದರಿಂದ ಕಾಣುವ ವ್ಯತ್ಯಾಸ ಅತ್ಯಲ್ಪ, ಕಾಣದಿರುವುದೂ ಉಂಟು. ಇದರ ಬದಲು ಮೆತ್ತಗಿದ್ದ ಫುಟ್‌ಬಾಲನ್ನು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಪಂಪಿನಿಂದ ಬಿಗಿಯಾಗಿ ಗಾಳಿ ತುಂಬಿ ಮತ್ತೆ ತೂಗಿದರೆ ಸುಮಾರು ಐದು ಗ್ರಾಂ ಹೆಚ್ಚುತ್ತದೆ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರು ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ, ಆರು ಮೀಟರು ಉದ್ದ, ಐದು ಮೀಟರು ಅಗಲ, ಮೂರು ಮೀಟರು ಎತ್ತರದ ಮಂಗಳೂರಿನ ತರಗತಿಯೊಂದರಲ್ಲಿ ಒಂದು ಕ್ವಿಂಟಲಿಗೂ ಮಿಕ್ಕ ಗಾಳಿ ಇರುತ್ತದೆಂದು ಮಕ್ಕಳೇ ಗುಣಿಸಿಕೊಳ್ಳಬಲ್ಲರು.

ಇನ್ನು ಹಿರಿಯರ ತಪ್ಪು ಕಲ್ಪನೆ: ಇಂಥ ಕಲಿಕೆಗೆ ದುಬಾರಿಯ ಪ್ರಯೋಗಶಾಲೆ ಬೇಕು, ಪರೀಕ್ಷೆಗೆ ಇದು ಒದಗದು, ಹಳ್ಳಿಯ ಶಾಲೆಗೆ ಇದು ಸಲ್ಲದು ಎಂಬುದು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನಶಿಕ್ಷಣ ಕಾರ್ಯಕ್ರಮ ಈ ಮೂರಕ್ಕೂ ಉತ್ತರ ಕೊಟ್ಟಿತು. ಮಕ್ಕಳು ಗುಂಪುಗುಂಪಾಗಿ ಅಗ್ಗದ ಸಾಮಗ್ರಿಯಿಂದ ಪ್ರಯೋಗ ಮಾಡುತ್ತಿದ್ದರು. ‘ಬಾಲ ವೈಜ್ಞಾನಿಕ’ವೆಂಬ ಅವರ ಪುಸ್ತಕದಲ್ಲಿ ಪ್ರಶ್ನೆಗಳಿದ್ದುವು, ಉತ್ತರಗಳನ್ನು ಮಾತ್ರ ಮಗುವೇ ತಾನು ಕಂಡದ್ದನ್ನು ನೋಡಿ ಬರೆದುಕೊಳ್ಳಬೇಕಾಗಿತ್ತು. ಪರೀಕ್ಷೆಗೆ ಪುಸ್ತಕವನ್ನು ತೆರೆದಿಟ್ಟುಕೊಂಡೇ ಕುಳಿತುಕೊಳ್ಳಬಹುದಾಗಿತ್ತು, ಜೊತೆಗೆ ಪ್ರಯೋಗವನ್ನೂ ಮಾಡಿ ತೋರಿಸಬೇಕಾಗಿತ್ತು. ಮೂರು ದಶಕಗಳ ಬಳಿಕ, 2002ರಲ್ಲಿ, ಸರ್ಕಾರ ಅದನ್ನು ನಿಲ್ಲಿಸಿತು. ಹಾಗೆ ನಿಲ್ಲಿಸಿದ್ದರ ನ್ಯಾಯಾನ್ಯಾಯಗಳೇನೇ ಇರಲಿ, ಮಗುವಿನ ಊಹೆಯನ್ನು ಮೊದಲು ಬರೆಸಿಕೊಳ್ಳುವುದಕ್ಕಾಗಲಿ, ಸರಿಯುತ್ತರವನ್ನು ಪ್ರಯೋಗಕ್ಕೆ ಮುಂಚೆ ಹಲಗೆಯ ಮೇಲೆ ಬರೆಯದೆ ಕೈಕಟ್ಟಿ ನಿಲ್ಲುವುದಕ್ಕಾಗಲಿ ಉಪಾಧ್ಯಾಯರಿಗೆ ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ.